ಕೈತುಂಬ ಕೆಲಸ, ಖಾಲಿ ಖಾತೆ: ಪೀಣ್ಯದ ಒಂದು ಶೆಡ್‌ನ ಪ್ರಕರಣ

ಹಿನ್ನೆಲೆ

ಪೀಣ್ಯದಲ್ಲಿ ಸ್ವಂತ ಶೆಡ್ ಹಾಕುವವರಲ್ಲಿ ಬಹಳಷ್ಟು ಜನ ಬೇರೆಯವರ ಶೆಡ್‌ನಲ್ಲಿ ಹತ್ತು ಹದಿನೈದು ವರ್ಷ ದುಡಿದವರು. ಇದೇನೂ ಹೊಸದಲ್ಲ. ಎಚ್‌ಎಎಲ್, ಬಿಇಎಲ್, 1953ರಲ್ಲಿ ಶುರುವಾದ ಎಚ್‌ಎಂಟಿ, ಇಂಥ ದೊಡ್ಡ ಕಾರ್ಖಾನೆಗಳ ಆಸರೆಯಲ್ಲೇ ಬೆಂಗಳೂರಿನ ಸಣ್ಣ ಎಂಜಿನಿಯರಿಂಗ್ ಕೈಗಾರಿಕೆ ಬೆಳೆದದ್ದು. ಅಲ್ಲಿ ಕೈ ಪಳಗಿಸಿಕೊಂಡವರು ಒಂದು ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ತಂದು ಹಾಕಿಕೊಂಡು ತಾವೇ ಮಾಲೀಕರಾದರು. ಈ ಪ್ರಕರಣದ ಮಂಜಣ್ಣ ಅದೇ ದಾರಿ ಹಿಡಿದವರು. ಮಂಜಣ್ಣ ಎಂಬುದು ಅವರ ನಿಜವಾದ ಹೆಸರಲ್ಲ. ಊರು, ಮಾಡುತ್ತಿದ್ದ ಬಿಡಿಭಾಗ, ಗ್ರಾಹಕರ ಗುರುತು ಎಲ್ಲವನ್ನೂ ಬದಲಿಸಿದ್ದೇನೆ, ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ. ಸಣ್ಣ ಕೈಗಾರಿಕೆಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕಸುಬು. ಆ ನೆಪದಲ್ಲಿ ಅವರ ಕಾಗದಪತ್ರ ನನ್ನ ಮೇಜಿಗೆ ಬಂತು.

ತುಮಕೂರು ಕಡೆಯವರು, ಮೆಕ್ಯಾನಿಕಲ್ ಡಿಪ್ಲೊಮಾ, ಒಂದೇ ಕಂಪನಿಯಲ್ಲಿ 15 ವರ್ಷ. ಕೊನೆಗೆ ಪ್ರೊಡಕ್ಷನ್ ಸೂಪರ್‌ವೈಸರ್ ಆಗಿ 52,000 ಸಂಬಳ. 2022ರ ಜೂನ್‌ನಲ್ಲಿ ಕೆಲಸ ಬಿಟ್ಟರು. ಪಿಎಫ್ ಮತ್ತು ಉಳಿತಾಯ ಸೇರಿ ಸುಮಾರು 11 ಲಕ್ಷ, ಹೆಂಡತಿಯ ಒಡವೆ ಅಡ ಇಟ್ಟು 4 ಲಕ್ಷ. ಊರಲ್ಲಿ ಅಣ್ಣನ ಜೊತೆ ಜಂಟಿಯಾಗಿದ್ದ ತೋಟದ ಪತ್ರ ಇಟ್ಟು ಇನ್ನಷ್ಟು ಸಾಲ ತೆಗೆಯುವ ಆಲೋಚನೆಯೂ ಇತ್ತು. ಅಣ್ಣ ಒಪ್ಪಲಿಲ್ಲ. "ಕಷ್ಟ ಬಂದ್ರೆ ಕೈಲಾದಷ್ಟು ಕೊಡ್ತೀನಿ, ಪತ್ರ ಮಾತ್ರ ಬ್ಯಾಂಕಿಗೆ ಹೋಗೋದು ಬೇಡ ಕಣಪ್ಪ" ಅಂದರು. ಆಗ ಮಂಜಣ್ಣನಿಗೆ ಬೇಜಾರಾಗಿತ್ತು.

ಮೊದಲ ದೊಡ್ಡ ತೀರ್ಮಾನ ಮೆಷಿನ್‌ನದು. ಹೊಸ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗೆ ಸಾಲ ಸಿಗುತ್ತಿತ್ತು. ಸಣ್ಣ ಉದ್ಯಮಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ಆಗ ರಿಸರ್ವ್ ಬ್ಯಾಂಕಿನ ನಿಯಮವೇ ಇತ್ತು. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಸಾಲ ಖಾತರಿ ಉಂಟು. ನಿಯಮ ಹಾಗಿದ್ದರೂ ಇವರು ಹೋದ ಶಾಖೆಯಲ್ಲಿ ಮೊದಲು ಕೇಳಿದ್ದು "ಪ್ರಾಪರ್ಟಿ ಏನಿದೆ?" ಎಂದು. ಎರಡು ಸಲ ಅಲೆದು ಸಾಕಾಗಿ, 8.5 ಲಕ್ಷಕ್ಕೆ ಹತ್ತು ವರ್ಷ ಓಡಿದ ಹಳೆಯ ಮೆಷಿನ್ ಕೊಂಡರು. ರಾಜಗೋಪಾಲನಗರದ ಕಡೆ 900 ಚದರಡಿಯ ಶೆಡ್, ಬಾಡಿಗೆ 22,000, ಅಡ್ವಾನ್ಸ್ 2 ಲಕ್ಷ. ಚಕ್, ಹೋಲ್ಡರ್, ಅಳತೆಯ ಗೇಜ್‌ಗಳಿಗೆ ಮತ್ತೊಂದು ಲಕ್ಷ. ಸೆಪ್ಟೆಂಬರ್‌ನಲ್ಲಿ ಮೊದಲ ಬಿಲ್ ಹೋಯಿತು.

ಕೆಲಸಕ್ಕೆ ಪರದಾಡಬೇಕಾಗಿ ಬರಲಿಲ್ಲ. ಹಳೆಯ ಪರಿಚಯದ ಮೇಲೆ ಒಂದು ಮಧ್ಯಮ ಗಾತ್ರದ ಕಂಪನಿ ಬುಷ್ (ನಡುವೆ ರಂಧ್ರವಿರುವ ಲೋಹದ ಸಣ್ಣ ಕೊಳವೆ), ಸ್ಪೇಸರ್‌ಗಳ ಜಾಬ್ ವರ್ಕ್ ಕೊಡಲು ಮುಂದೆ ಬಂತು. ಕಚ್ಚಾ ಮಾಲು ಅವರದು, ಮಷಿನಿಂಗ್ ಇವರದು. ರೇಟು ಗಂಟೆಗೆ 340 ರೂಪಾಯಿ ಲೆಕ್ಕದಲ್ಲಿ. "ಈ ಏರಿಯಾದಲ್ಲೆಲ್ಲ ಇದೇ ರೇಟ್ ಸಾರ್" ಎಂದ ಪರ್ಚೇಸ್‌ನವರ ಮಾತನ್ನು ಮಂಜಣ್ಣ ಒಪ್ಪಿಕೊಂಡರು. ಮಾತೇನೋ ಸುಳ್ಳಲ್ಲ. ಆದರೆ ಆ ರೇಟಿಗೆ ಮಾಡುತ್ತಿದ್ದವರಲ್ಲಿ ಹೆಚ್ಚಿನವರ ಶೆಡ್ ಸ್ವಂತದ್ದು, ಮೆಷಿನ್ ಸಾಲ ಎಂದೋ ತೀರಿದ್ದು, ಎಷ್ಟೋ ಕಡೆ ಮಾಲೀಕರೇ ಆಪರೇಟರ್. ಬಾಡಿಗೆ ಕಟ್ಟುವವರಿಗೂ ಅವರಿಗೂ ಒಂದೇ ರೇಟು ಹೇಗೆ ಹೊಂದುತ್ತದೆ ಎಂದು ಆಗ ಯಾರೂ ಕೇಳಲಿಲ್ಲ.

ಸಮಸ್ಯೆ

ಶುರು ಮಾಡುವ ಮುಂಚೆ ಹಾಕಿದ್ದ ಲೆಕ್ಕ ಒಂದು ಡೈರಿಯ ಪುಟದಲ್ಲಿತ್ತು. ಎರಡು ಶಿಫ್ಟ್, ತಿಂಗಳಿಗೆ 500 ಗಂಟೆ, 340ರಂತೆ 1.70 ಲಕ್ಷ. ಖರ್ಚು 1.20 ಲಕ್ಷ. ಉಳಿಯುವುದು 50,000, ಅಂದರೆ ಹೆಚ್ಚುಕಮ್ಮಿ ಬಿಟ್ಟುಬಂದ ಸಂಬಳವೇ.

ನಡೆದದ್ದು ಬೇರೆ. ಮೆಷಿನ್ ಆನ್ ಇದ್ದ ಮಾತ್ರಕ್ಕೆ ಆ ಗಂಟೆಯೆಲ್ಲ ಬಿಲ್ ಆಗುವುದಿಲ್ಲ. ಹೊಸ ಐಟಂಗೆ ಸೆಟ್ಟಿಂಗ್, ಮೊದಲ ಪೀಸ್‌ಗೆ ಗ್ರಾಹಕರ ಒಪ್ಪಿಗೆಗಾಗಿ ಕಾಯುವುದು, ಕರೆಂಟ್ ಹೋಗುವುದು, ಹಬ್ಬಕ್ಕೆ ಊರಿಗೆ ಹೋದ ಆಪರೇಟರ್ ಒಂದು ವಾರ ತಡವಾಗಿ ಬರುವುದು, ಹಳೆ ಮೆಷಿನ್ ಆದ್ದರಿಂದ ಹತ್ಯಾರಗಳನ್ನು ಹಿಡಿದಿರುವ ಟರೆಟ್ ಕೈಕೊಡುವುದು. ಸರಾಸರಿ 420 ಗಂಟೆಯ ಬಿಲ್ ಆಗುತ್ತಿತ್ತು, ಅಂದರೆ 1.43 ಲಕ್ಷ. ಖರ್ಚು ನೋಡಿದರೆ ಬಾಡಿಗೆ 22,000, ಇಬ್ಬರು ಆಪರೇಟರ್ ಒಬ್ಬ ಹೆಲ್ಪರ್‌ಗೆ 56,000, ಇನ್ಸರ್ಟ್ (ಲೋಹ ಕೊರೆಯುವ ತುದಿ) ಕೂಲಂಟ್ ಎಣ್ಣೆಗೆ 24,000, ಬೆಸ್ಕಾಂ ಬಿಲ್ 18,000, ಗೂಡ್ಸ್ ಆಟೊ, ಒಡವೆ ಸಾಲದ ಬಡ್ಡಿ, ರಿಪೇರಿ ಎಲ್ಲ ಸೇರಿ 1.37 ಲಕ್ಷ. ಗಂಟೆಗೆ 326 ರೂಪಾಯಿ ಖರ್ಚು, 340 ಆದಾಯ. ಇದರಲ್ಲಿ ಮಂಜಣ್ಣನ ಸಂಬಳ ಸೊನ್ನೆ. 40,000 ಸಂಬಳ ಹಿಡಿದರೆ ಗಂಟೆಗೆ 421 ಬೀಳುತ್ತಿತ್ತು.

ಇಷ್ಟೇ ಆಗಿದ್ದರೆ ಹೇಗೋ ತಳ್ಳಬಹುದಿತ್ತು. ಹೆಂಡತಿ ಸವಿತಾ (ಇದೂ ಬದಲಿಸಿದ ಹೆಸರು) ಒಂದು ಔಷಧಿ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಿದ್ದರು, ಮನೆ ಅರ್ಧ ಅದರಲ್ಲೇ ನಡೆಯುತ್ತಿತ್ತು. ಉಸಿರು ಕಟ್ಟಿಸಿದ್ದು ಹಣ ಬರುವ ರೀತಿ. ಆರ್ಡರ್ ಕಾಗದದಲ್ಲಿ 30 ದಿನ ಎಂದಿತ್ತು. ಆ ಮೂವತ್ತನ್ನು ಎಣಿಸುತ್ತಿದ್ದದ್ದು ಮಾಲು ಗೇಟ್ ಒಳಗೆ ಹೋದ ದಿನದಿಂದಲ್ಲ, ಅವರ ಸ್ಟೋರ್ಸ್‌ನವರು ಸ್ವೀಕೃತಿ ಚೀಟಿ ಹಾಕಿದ ದಿನದಿಂದ. ಚೀಟಿ ಹಾಕಲು ಎರಡು ವಾರ. ಆಮೇಲೆ ಬಿಲ್‌ಗಳನ್ನು ತಿಂಗಳ ಕೊನೆಗೆ ಒಟ್ಟಿಗೆ ಪಾಸ್ ಮಾಡುವುದು, ಸಹಿ ಹಾಕುವವರು ಟೂರ್‌ನಲ್ಲಿರುವುದು. ಕೊನೆಗೆ ದುಡ್ಡು ಖಾತೆಗೆ ಬೀಳುವ ಹೊತ್ತಿಗೆ ನೂರು ದಿನ ದಾಟುತ್ತಿತ್ತು.

ಜಿಎಸ್‌ಟಿ ಮಾತ್ರ ಕಾಯುವುದಿಲ್ಲ. ಸೇವೆಯಿಂದ ವರ್ಷಕ್ಕೆ 20 ಲಕ್ಷ ಮೀರದ ವಹಿವಾಟಿಗೆ ನೋಂದಣಿ ಕಡ್ಡಾಯವಲ್ಲ, ಇವರದು 17 ಲಕ್ಷದ ಆಸುಪಾಸು. ಆದರೂ ಕಂಪನಿಯ ವೆಂಡರ್ ಫಾರಂನಲ್ಲಿ ಜಿಎಸ್‌ಟಿ ನಂಬರ್ ಇಲ್ಲದೆ ಅರ್ಜಿ ಮುಂದೆ ಹೋಗದು, ಪ್ರತಿ ತಿಂಗಳೂ ಅವರಿಗೆ ತೆರಿಗೆಯ ಕ್ರೆಡಿಟ್ ಕಾಣಬೇಕು. ಹೀಗಾಗಿ ಬಿಲ್ ಹಾಕಿದ ಮುಂದಿನ ತಿಂಗಳು 20ರೊಳಗೆ ಹದಿಮೂರು ಹದಿನಾಲ್ಕು ಸಾವಿರ ತೆರಿಗೆ ಕಟ್ಟಬೇಕು, ಇನ್ನೂ ಕೈಗೆ ಬಾರದ ದುಡ್ಡಿಗೆ. ಒಂದು ವೇಳೆ ಬಿಲ್ಲೇ ಮುಳುಗಿಹೋದರೂ ಕಟ್ಟಿದ ತೆರಿಗೆ ವಾಪಸು ಕೊಡುವ ಏರ್ಪಾಡು ನಮ್ಮ ಜಿಎಸ್‌ಟಿಯಲ್ಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲ ಮದ್ದು, ಇನ್ನಷ್ಟು ಕೆಲಸ. ದುಡ್ಡು ಸಾಲದಿದ್ದರೆ ಹೆಚ್ಚು ದುಡಿಯಬೇಕು ಎಂಬುದು ಸಂಬಳಗಾರನಾಗಿದ್ದವನಿಗೆ ಸಹಜವಾಗಿ ಹೊಳೆಯುವ ಉತ್ತರ. ರಾತ್ರಿ ಪಾಳಿ ಬಿಗಿ ಮಾಡಿ ಅದೇ ಕಂಪನಿಯಿಂದ ಹೆಚ್ಚಿಗೆ ಲಾಟ್ ತಂದರು. ಈ ದಾರಿಯಲ್ಲಿ ಎಷ್ಟು ಬಿಲ್ ಏರಿದರೆ ಅಷ್ಟು ದುಡ್ಡು ಹೊರಗೆ ಸಿಕ್ಕಿಕೊಳ್ಳುತ್ತದೆ. ಆಪರೇಟರ್‌ಗೆ ಏಳನೇ ತಾರೀಕು ಸಂಬಳ, ಅವನ ಕೆಲಸದ ಹಣ ಮೂರು ತಿಂಗಳ ಆಚೆ.

ಎರಡನೆಯದು ಚೀಟಿ. 3 ಲಕ್ಷದ ಚೀಟಿಯನ್ನು ನಾಲ್ಕನೇ ತಿಂಗಳಿಗೇ 75,000 ಬಿಟ್ಟುಕೊಟ್ಟು ಕೂಗಿ ಎತ್ತಿದರು. ಕೈಗೆ ಬಂದದ್ದು 2.25 ಲಕ್ಷ, ಅದು ಸಂಬಳ ಬಾಡಿಗೆಗೆ ಕರಗಿತು. ಆಮೇಲೆ ಪರಿಚಯದವರಿಂದ 1.5 ಲಕ್ಷ ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 4,500 ಹೋಗುತ್ತಿತ್ತು, ಅಂದರೆ ಮೆಷಿನ್ ಓಡಿಸಿ ಉಳಿಸುತ್ತಿದ್ದ ಐದಾರು ಸಾವಿರವೂ ಹೋದಂತೆ.

ಬಿಲ್ಲನ್ನು ಡಿಸ್ಕೌಂಟ್ ಮಾಡಿಸಿ ಬೇಗ ಹಣ ಪಡೆಯುವ ಟ್ರೆಡ್ಸ್ ವ್ಯವಸ್ಥೆಯ ಬಗ್ಗೆಯೂ ವಿಚಾರಿಸಿದೆವು. ಅದಕ್ಕೆ ಕೊಳ್ಳುವ ಕಂಪನಿಯೂ ಅಲ್ಲಿ ಇರಬೇಕು. ಆಗ 500 ಕೋಟಿ ವಹಿವಾಟು ಮೀರಿದ ಕಂಪನಿಗಳಿಗೆ ಮಾತ್ರ ಕಡ್ಡಾಯವಿತ್ತು (2024ರ ನವೆಂಬರ್‌ನಲ್ಲಿ ಈ ಮಿತಿ 250 ಕೋಟಿಗೆ ಇಳಿಯಿತು). ಇವರ ಗ್ರಾಹಕರು ಅಷ್ಟು ದೊಡ್ಡವರಲ್ಲ, ತಾವಾಗಿ ಸೇರುವ ಮನಸ್ಸೂ ಇರಲಿಲ್ಲ.

2023ರ ಮಧ್ಯದಲ್ಲಿ ಮೆಷಿನ್ ಮಾರುವವರೊಬ್ಬರು ಬಂದು ಎರಡನೇ ಮೆಷಿನ್ ಹಾಕಲು ಹುರಿದುಂಬಿಸಿದರು. 15 ಲಕ್ಷ ಸಾಲ, ಐದು ವರ್ಷ, ಶೇ 11ರ ಬಡ್ಡಿಗೆ ಕಂತು ಸುಮಾರು 32,600. ಮಂಜಣ್ಣ ಅರ್ಧ ಒಪ್ಪಿಯೇ ಬಿಟ್ಟಿದ್ದರು. ಅದನ್ನು ತಡೆದದ್ದು ಯಾರ ಬುದ್ಧಿವಾದವೂ ಅಲ್ಲ, ಒಂದು ಲಾಟ್ ಬುಷ್.

ಬುಷ್‌ನ ಒಳವ್ಯಾಸ 25 ಮಿಲಿಮೀಟರ್, ಎಚ್7 ಫಿಟ್. ಅಂದರೆ 25.000ದಿಂದ 25.021ರವರೆಗೆ ಮಾತ್ರ ಇರಬಹುದು, ಇಪ್ಪತ್ತೊಂದು ಮೈಕ್ರಾನ್ ಜಾಗ. ಬೆಳಿಗ್ಗೆ ತಣ್ಣಗಿದ್ದ ಮೆಷಿನ್‌ನಲ್ಲಿ ಮೊದಲ ಪೀಸ್ ತೆಗೆದಾಗ ಬೋರ್ ಗೇಜ್ 25.008 ತೋರಿಸಿತು, ಎಲ್ಲರೂ ಸಮಾಧಾನಪಟ್ಟರು. ಸ್ಪಿಂಡಲ್ ಬಿಸಿಯಾದ ಹಾಗೆ ಅಳತೆ ಸರಿಯುತ್ತಾ ಹೋಗುತ್ತದೆ. ಹೊಸ ಮೆಷಿನ್‌ನಲ್ಲಿ ಸ್ವಲ್ಪ, ಹತ್ತು ವರ್ಷ ಓಡಿದ್ದರಲ್ಲಿ ಜಾಸ್ತಿ. ಹಗಲು ಮಂಜಣ್ಣ ನಿಂತು ಆಫ್‌ಸೆಟ್, ಅಂದರೆ ಮೆಷಿನ್‌ಗೆ ಕೊಟ್ಟ ಅಳತೆ, ತಿದ್ದುತ್ತಿದ್ದರು. ಪ್ಲಗ್ ಗೇಜ್‌ನ ಗೋ ತುದಿ ರಂಧ್ರದೊಳಗೆ ಹೋಗಬೇಕು, ನೋ ಗೋ ತುದಿ ಹೋಗಬಾರದು. ರಾತ್ರಿಯ ಹುಡುಗ ಗೋ ತುದಿಯನ್ನು ಮಾತ್ರ ತೂರಿಸಿ ನೋಡಿ ಟ್ರೇಗೆ ಹಾಕುತ್ತಿದ್ದ. ಗೋ ಸಲೀಸಾಗಿ ಹೋಗುತ್ತಿತ್ತು, ಹೋಗದೆ ಏನು, ಬೋರ್ ದೊಡ್ಡದಾಗಿತ್ತಲ್ಲ. ತಿರುಗಿಸಿ ನೋ ಗೋ ತುದಿ ಹಾಕಿದ್ದರೆ ಅದೂ ಒಳಗೆ ಹೋಗಿ ಗುಟ್ಟು ರಟ್ಟಾಗುತ್ತಿತ್ತು. 1,200ರ ಲಾಟ್‌ನಲ್ಲಿ 340 ರಿಜೆಕ್ಟ್. ಒಂದು ಬುಷ್‌ಗೆ ಇವರಿಗೆ ಸಿಗುವುದು 18 ರೂಪಾಯಿ; ಹಾಳಾದ ಮಾಲಿನ ಬೆಲೆ 108. ಎರಡೂ ಸೇರಿಸಿ 42,840 ರೂಪಾಯಿಯ ಡೆಬಿಟ್ ನೋಟ್ (ಕೊಡಬೇಕಾದ ಹಣದಲ್ಲಿ ಇಷ್ಟು ಕಡಿತ ಎಂಬ ಪತ್ರ) ಬಂತು, ಅದೂ ಮಾಲು ಕೊಟ್ಟ ಎಪ್ಪತ್ತು ದಿನದ ಮೇಲೆ.

ಎರಡನೇ ಮೆಷಿನ್‌ನ ಮಾತು ಅಲ್ಲಿಗೆ ನಿಂತಿತು. ಆವತ್ತು ಆ ಸಾಲ ಮಾಡಿದ್ದರೆ ಈ ಪ್ರಕರಣವನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು ಎಂದೇ ನನ್ನ ಅನಿಸಿಕೆ.

ತಿರುವು

ಆ ಆಯುಧಪೂಜೆಯ ರಜೆಯಲ್ಲಿ ಸವಿತಾ ಕೂತು ಹದಿಮೂರು ತಿಂಗಳ ಬಿಲ್‌ಗಳನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿಗೆ ಇಳಿಸಿದರು. ಡಿಸಿ (ಡೆಲಿವರಿ ಚಲನ್) ನಂಬರ್, ಮಾಲು ಹೋದ ದಿನ, ಬಿಲ್ ದಿನ, ದುಡ್ಡು ಬಂದ ದಿನ, ನಡುವಿನ ಅಂತರ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇದೆಲ್ಲ ಇತ್ತು, ನಾನೇ ಪ್ರತಿ ತಿಂಗಳು ಕಳಿಸುತ್ತಿದ್ದ ವರದಿಯಲ್ಲೂ ಇತ್ತು. ಕೈಯಲ್ಲಿ ಬರೆದಾಗಲೇ ಅದು ಮಾತಾಡಿದ್ದು. ಒಟ್ಟು ಬರಬೇಕಾದದ್ದು 4.24 ಲಕ್ಷ, ಅದರಲ್ಲಿ 3.90 ಲಕ್ಷ ಆ ಒಂದೇ ಕಂಪನಿಯಿಂದ. ಬ್ಯಾಂಕಿನಲ್ಲಿದ್ದದ್ದು 11,000.

"ರೀ, ಇವರಿಗೆ ನಾವು ಸಾಲ ಕೊಟ್ಟಂಗಾಯ್ತು. ಅದರ ಬಡ್ಡೀನೂ ನಾವೇ ಕಟ್ತಾ ಇದೀವಿ" ಅಂದರಂತೆ.

ನೋಟ್‌ಬುಕ್ಕಿನ ಇನ್ನೊಂದು ವಿಷಯ ಮಂಜಣ್ಣನ ಕಣ್ಣಿಗೆ ಬಿದ್ದದ್ದು ಆಮೇಲೆ. ಕಾಮಾಕ್ಷಿಪಾಳ್ಯದ ಒಬ್ಬ ಪ್ಯಾಕಿಂಗ್ ಮೆಷಿನ್ ತಯಾರಕರು, ಚಪಾತಿ ಮೆಷಿನ್ ಮಾಡುವ ಇನ್ನೊಬ್ಬರು, ಶಾಫ್ಟ್ ರಿಪೇರಿಗೆ ಆಗೀಗ ಬರುವ ಮೂವರು. ಒಟ್ಟು ಬಿಲ್‌ನಲ್ಲಿ ಇವರೆಲ್ಲರ ಪಾಲು ಐದರಲ್ಲಿ ಒಂದು. ಐದು ಪೀಸ್, ಇಪ್ಪತ್ತು ಪೀಸ್‌ನ ಪುಡಿ ಕೆಲಸ, "ನಾಳೆ ಬೇಕು ಮಂಜಣ್ಣ" ಎನ್ನುವ ಗಡಿಬಿಡಿ. ಕಿರಿಕಿರಿ ಎಂದೇ ಅವರು ಭಾವಿಸಿದ್ದರು. ಆದರೆ ದುಡ್ಡು ಸರಾಸರಿ 12 ದಿನಕ್ಕೆ, ಕೆಲವೊಮ್ಮೆ ಮಾಲು ಕೈಗಿಡುವಾಗಲೇ ಫೋನ್‌ಪೇಯಲ್ಲಿ ಬಂದಿತ್ತು. ಗಂಟೆಯ ಲೆಕ್ಕ ಹಾಕಿದರೆ 600 ದಾಟುತ್ತಿತ್ತು.

ಅಲ್ಲಿ ಮಾಡಿದ ತೀರ್ಮಾನ ಸುಲಭದ್ದಲ್ಲ: ದೊಡ್ಡ ಗ್ರಾಹಕರ ಪಾಲನ್ನು ಆರು ತಿಂಗಳಲ್ಲಿ ಶೇ 80ರಿಂದ 35ಕ್ಕೆ ಇಳಿಸುವುದು. ರಾತ್ರಿ ಪಾಳಿ ನಿಲ್ಲಿಸುವುದು. ರಾತ್ರಿಯ ಹುಡುಗನಿಗೆ ಅದೇ ರಸ್ತೆಯ ಬೇರೆ ಶೆಡ್‌ನಲ್ಲಿ ಮಾತಾಡಿ ಕೆಲಸ ಕೊಡಿಸಿದರು. ಎರಡು ತಿಂಗಳು ಮೆಷಿನ್ ಅರ್ಧ ದಿನ ಸುಮ್ಮನೆ ನಿಂತಿತು, ಮಂಜಣ್ಣನಿಗೆ ಅದನ್ನು ನೋಡುವುದೇ ಸಂಕಟ. ಆಗ ಊರಿನ ಅಣ್ಣ ಅಡಿಕೆ ಮಾರಿದ ದುಡ್ಡಿನಲ್ಲಿ 1.5 ಲಕ್ಷ ಕಳಿಸಿ ಕೈಸಾಲ ತೀರಿಸುವಂತೆ ಹೇಳಿದರು. ತೋಟದ ಪತ್ರ ಬ್ಯಾಂಕಿಗೆ ಹೋಗದೆ ಇದ್ದದ್ದರಿಂದ ಅವರಿಗೆ ಅಷ್ಟು ಮಾಡಲು ಧೈರ್ಯವಿತ್ತು.

ಹೊಸ ಕೆಲಸ ತಂದುಕೊಟ್ಟವರು ಇನ್ಸರ್ಟ್ ಮಾರುವ ಅಂಗಡಿಯವರು. ಯಾರ ಶೆಡ್‌ನಲ್ಲಿ ಕೆಲಸ ಜಾಸ್ತಿಯಾಗಿದೆ, ಯಾರು ಹೊರಗೆ ಮಾಡಿಸುತ್ತಿದ್ದಾರೆ ಎಂಬುದು ಪೀಣ್ಯದಲ್ಲಿ ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ. ಈ ಸಲ ಮಂಜಣ್ಣ ಸೆಟ್ಟಿಂಗ್ ಚಾರ್ಜನ್ನು ಬೇರೆ ಸಾಲಿನಲ್ಲಿ ಬರೆದು ಕೊಟೇಶನ್ ಕೊಟ್ಟರು, 800ರಿಂದ 1,500ರವರೆಗೆ. ಹೆಚ್ಚಿನವರು ಚೌಕಾಸಿ ಮಾಡಿದ್ದು ಪೀಸ್ ರೇಟಿನ ಮೇಲೆ, ಆ ಸಾಲನ್ನು ಮುಟ್ಟಲಿಲ್ಲ.

ಬಾಕಿ ವಸೂಲಿ

ಎಂಎಸ್‌ಎಂಇಡಿ (ಮೈಕ್ರೊ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ 2006ರದು. ಅದರ ಪ್ರಕಾರ ಸಣ್ಣ ಉದ್ಯಮದಿಂದ ಕೊಂಡವರು ಬರಹದ ಒಪ್ಪಂದದಷ್ಟು ದಿನದಲ್ಲಿ ಹಣ ಕೊಡಬೇಕು, ಅದು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಗ ಬ್ಯಾಂಕ್ ದರ ಶೇ 6.75 ಇತ್ತು, ಅಂದರೆ ಬಡ್ಡಿ ಶೇ 20.25. ಮಾಲಿನ ಬಗ್ಗೆ ತಕರಾರಿದ್ದರೆ 15 ದಿನದೊಳಗೆ ಬರಹದಲ್ಲಿ ಹೇಳಬೇಕು, ಇಲ್ಲದಿದ್ದರೆ ಒಪ್ಪಿಕೊಂಡ ಹಾಗೆ. ಎಪ್ಪತ್ತನೇ ದಿನ ಬಂದ ಡೆಬಿಟ್ ನೋಟ್‌ಗೆ ಈ ಒಂದು ಸಾಲು ಸಾಕಿತ್ತು.

ಒಂದು ತೊಡಕಿತ್ತು. ಮಂಜಣ್ಣ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು, ಮಾಡಿಸಿದ್ದು 2023ರ ಜೂನ್‌ನಲ್ಲಿ. ನೋಂದಣಿಗೆ ಮುಂಚಿನ ಪೂರೈಕೆಗೆ ಆಗ ಕಾಯ್ದೆಯ ಈ ರಕ್ಷಣೆ ಸಿಗುತ್ತಿರಲಿಲ್ಲ, ಸುಪ್ರೀಂ ಕೋರ್ಟ್ 2021ರಲ್ಲಿ ಹಾಗೇ ಹೇಳಿತ್ತು. ಹಿಂದಿನ ಏಪ್ರಿಲ್‌ನ 41,000 ರೂಪಾಯಿಯ ಎರಡು ಬಿಲ್‌ಗಳು ಹೀಗೆ ಹೊರಗುಳಿದವು. ನೋಂದಣಿ ಆನ್‌ಲೈನ್, ಪುಕ್ಕಟೆ, ಆಧಾರ್ ಪ್ಯಾನ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಮೊದಲ ಬಿಲ್‌ಗಿಂತ ಮುಂಚೆ ಮಾಡಿಸಿಕೊಳ್ಳಿ ಎಂದು ಹೊಸಬರಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ.

ವಕೀಲರ ನೋಟಿಸ್ ಕೊಡುವ ಮಾತು ಬಂದಾಗ ನಾನು ಬೇಡ ಅಂದೆ. ಮೊದಲು ಪ್ರತಿ ಬಿಲ್‌ನ ಕೆಳಗೆ ಉದ್ಯಮ್ ನಂಬರ್, ಹಣ ಕೊಡಬೇಕಾದ ಕೊನೆಯ ದಿನ ಎರಡನ್ನೂ ಅಚ್ಚು ಹಾಕಿಸಿದೆವು. ಜೊತೆಗೆ ಡೆಬಿಟ್ ನೋಟ್ ಬಗ್ಗೆ ಒಂದು ಸೌಮ್ಯವಾದ ಪತ್ರ. ಪರ್ಚೇಸ್‌ನವರು ಸಿಟ್ಟಾದರು. "ನಿಮ್ಮಂಥೋರು ಈ ಏರಿಯಾದಲ್ಲಿ ನೂರು ಜನ ಸಿಗ್ತಾರೆ" ಅಂದರು.

2024ರ ಫೆಬ್ರವರಿಯಲ್ಲಿ ಅದೇ ಕಂಪನಿಯ ಅಕೌಂಟ್ಸ್ ವಿಭಾಗದಿಂದ ಫೋನ್ ಬಂತು, ಉದ್ಯಮ್ ಸರ್ಟಿಫಿಕೇಟ್ ಕಳಿಸಿ ಎಂದು. ಕಾರಣ ಆಗಿನ ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿ(ಎಚ್). ಆ ಹಣಕಾಸು ವರ್ಷದಿಂದ ಜಾರಿಗೆ ಬಂದ ಈ ನಿಯಮದಂತೆ, ಮೈಕ್ರೊ ಮತ್ತು ಸಣ್ಣ ಉದ್ಯಮಗಳಿಗೆ ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಬಾಕಿಗೆಲ್ಲ ಲಾಭದ ಹಾಗೆ ತೆರಿಗೆ ಬೀಳುತ್ತದೆ. ಮಾರ್ಚ್ ಕೊನೆಯ ವಾರ ಒಟ್ಟಿಗೆ 2.6 ಲಕ್ಷ ಖಾತೆಗೆ ಬಿತ್ತು. ಡೆಬಿಟ್ ನೋಟ್ 18,000ಕ್ಕೆ ಇತ್ಯರ್ಥವಾಯಿತು. ಕಾನೂನಿನ ಪ್ರಕಾರ ಪೂರ್ತಿ ತಳ್ಳಿಹಾಕಬಹುದಿತ್ತು, ಆದರೆ ಬುಷ್ ಹಾಳಾದದ್ದು ನಿಜ ಎಂದು ಮಂಜಣ್ಣನೇ ಅಷ್ಟಕ್ಕೆ ಒಪ್ಪಿದರು.

ಏಪ್ರಿಲ್‌ನಲ್ಲಿ ಇನ್ನೊಂದು ಫೋನ್: ಉದ್ಯಮ್ ನೋಂದಣಿ ರದ್ದು ಮಾಡಿಕೊಂಡರೆ ಆರ್ಡರ್ ಮುಂದುವರಿಸುತ್ತೇವೆ. ಆ ದಿನಗಳಲ್ಲಿ ಇಂಥ ಬೇಡಿಕೆ ಎಷ್ಟೋ ಸಣ್ಣ ಪೂರೈಕೆದಾರರಿಗೆ ಬಂದಿತ್ತು. ಒಂದು ವರ್ಷ ಹಿಂದಾಗಿದ್ದರೆ ಮಂಜಣ್ಣ ಒಪ್ಪಿಬಿಡುತ್ತಿದ್ದರು, ಬೇರೆ ದಾರಿಯಿರಲಿಲ್ಲ. ಈಗ ಆ ಕಂಪನಿಯ ಪಾಲು ಮೂರನೇ ಒಂದಕ್ಕೆ ಇಳಿದಿತ್ತು. ಆಗಲ್ಲ ಸಾರ್ ಅಂದರು. ಆರ್ಡರ್ ಕಮ್ಮಿಯಾಯಿತು, ನಿಲ್ಲಲಿಲ್ಲ.

ಇದರಿಂದ ಕಲಿಯಬಹುದಾದ್ದು

ಕಾನೂನು ದುಡ್ಡು ತಂದುಕೊಟ್ಟಿತು ಎಂದು ಈ ಕತೆ ಓದಿದರೆ ತಪ್ಪಾಗುತ್ತದೆ. ಕಾಯ್ದೆ ಮೊದಲ ದಿನದಿಂದಲೂ ಇತ್ತು. ಶೇ 80ರಷ್ಟು ಕೆಲಸ ಒಬ್ಬರದೇ ಆಗಿರುವಾಗ ಅವರ ಮುಂದೆ ಅದನ್ನು ಎತ್ತಿ ತೋರಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ ಇಂಥ ಬಾಕಿಯ ತಕರಾರು ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಅಲ್ಲಿನ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಕಂಪನಿ ಶೇ 75ರಷ್ಟು ಹಣ ಮೊದಲು ಠೇವಣಿ ಇಡಬೇಕು. ಗಟ್ಟಿ ಹತ್ಯಾರವೇ. ಆದರೆ ಅದನ್ನು ಬಳಸಿದ ಮೇಲೆ ಆ ಗ್ರಾಹಕರು ಉಳಿಯುವುದು ಅಪರೂಪ. ಹಾಗಾಗಿ ಗ್ರಾಹಕರನ್ನು ಹಂಚಿಕೊಳ್ಳುವುದು ಮೊದಲು, ಕಾಯ್ದೆ ಆಮೇಲೆ.

ರೇಟಿನ ವಿಷಯ ಇನ್ನೂ ಮುಂಚಿನದು. ಏರಿಯಾದ ರೇಟ್ ಎಂಬುದು ಬೇರೆಯವರ ಬಾಡಿಗೆ, ಬೇರೆಯವರ ಸಾಲದ ಮೇಲೆ ನಿಂತದ್ದು. ತನ್ನ ಸಂಬಳವನ್ನು ಖರ್ಚಿನಲ್ಲಿ ಹಿಡಿಯದೆ ಕೊಟೇಶನ್ ಕೊಡುವವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಬಿಲ್ ಆಗುವ ಗಂಟೆಯನ್ನು ಮೊದಲ ವರ್ಷ ಅಂದಾಜಿಗಿಂತ ಐದರಲ್ಲಿ ಒಂದು ಪಾಲು ಕಮ್ಮಿ ಹಿಡಿಯುವುದು ಕ್ಷೇಮ, ಹಳೆ ಮೆಷಿನ್ ಆದರೆ ಇನ್ನೂ ಕಮ್ಮಿ.

ಈಗ ಶೆಡ್‌ನ ಬಿಲ್ ತಿಂಗಳಿಗೆ 1.8ರಿಂದ 2 ಲಕ್ಷ. ಮಂಜಣ್ಣ 45,000 ಸಂಬಳ ತೆಗೆದುಕೊಳ್ಳುತ್ತಾರೆ, 2022ರಲ್ಲಿ ಬಿಟ್ಟ 52,000ಕ್ಕೆ ಇನ್ನೂ ಮುಟ್ಟಿಲ್ಲ. ಒಡವೆ ಬಿಡಿಸಿಕೊಂಡಿದ್ದಾರೆ, ಅಣ್ಣನ ದುಡ್ಡಿನಲ್ಲಿ ಅರ್ಧ ಹಿಂತಿರುಗಿಸಿದ್ದಾರೆ. ಹಳೆಯ ಏಪ್ರಿಲ್ ಬಿಲ್‌ಗಳೆರಡು ಬಂದಿಲ್ಲ. ಎರಡನೇ ಮೆಷಿನ್‌ನ ಮಾತು ಮತ್ತೆ ಶುರುವಾಗಿದೆ, ಈ ಸಲ ಒಂದು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮೆಷಿನ್). ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಕೂತ ಮೇಲೆ ನೋಡೋಣ ಎಂದು ಸವಿತಾ ಕರಾರು ಹಾಕಿದ್ದಾರೆ. ಸದ್ಯಕ್ಕೆ ನಾಲ್ಕು ತಿಂಗಳಿನಷ್ಟಾಗಿದೆ.